ಏಳು ಪಾಲು ನೀರು

ಆ ಕರುವನ್ನು ಕೊಂದವನು ನಾನು. ನನ್ನ ಸೊಸೆ ರೆಡ್ಡೆಮ್ಮ ಕೊಲ್ಲಲಿಲ್ಲ.

ಇಷ್ಟನ್ನು ಬರೆಯುವುದಕ್ಕೆ ನನಗೆ ಒಂದು ಮಗು ಹುಟ್ಟಿ, ಬೆಳೆದು, ಕೋಲಾರದ ಕಾಲೇಜಿಗೆ ಹೋಗುವಷ್ಟು ಕಾಲ ಬೇಕಾಯಿತು. ಬರೆದ ಮೇಲೆ ನೋಡಿದರೆ ಎಷ್ಟು ಚಿಕ್ಕ ಮಾತು — ಒಂದೇ ಉಸಿರಿನಲ್ಲಿ ಹೇಳಿಬಿಡಬಹುದಾಗಿತ್ತು. ಅವತ್ತೇ ಹೇಳಿದ್ದರೆ, ಮುನಿಶಾಮಪ್ಪನ ಕೈ ತಪ್ಪಿತು, ಕರು ಹೋಯಿತು ಎಂದು ಊರು ನಾಲ್ಕು ದಿನ ಮಾತಾಡಿ ಮರೆಯುತ್ತಿತ್ತು. ನಾನು ಹೇಳಲಿಲ್ಲ. ಬೇರೆ ಒಂದು ಮಾತು ಹೇಳಿದೆ. ಆ ಮಾತು ಇನ್ನೂ ಊರಿನಲ್ಲಿ ಓಡಾಡಿಕೊಂಡಿದೆ, ನನ್ನ ಸೊಸೆಯ ಹೆಸರಿಗೆ ಅಂಟಿಕೊಂಡು.

ನಾನು ಹೋಳೂರಿನವನು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ರಾಗಿ, ಒಂದಿಷ್ಟು ಹಿಪ್ಪುನೇರಳೆ, ಎರಡು ಮೂರು ಸೀಮೆಹಸು — ಇದರಲ್ಲೇ ಬದುಕಿದವನು. ಆದರೆ ಸುತ್ತಿನ ಊರುಗಳಲ್ಲಿ ನನ್ನ ಹೆಸರು ಇದರಿಂದ ಬಂದದ್ದಲ್ಲ. ನನ್ನನ್ನು ಗೊಟ್ಟದ ಮುನಿಶಾಮಣ್ಣ ಎನ್ನುತ್ತಿದ್ದರು. ಗೊಟ್ಟವೆಂದರೆ ಬಿದಿರಿನ ಕೊಳವೆ. ತುದಿಯನ್ನು ಓರೆಯಾಗಿ ಕೊಯ್ದು ನಯಮಾಡಿ, ಅದರಲ್ಲಿ ಕಷಾಯವನ್ನೋ ಎಣ್ಣೆಯನ್ನೋ ತುಂಬಿ, ದನದ ಮೂತಿ ಎತ್ತಿ ಗಂಟಲಿಗೆ ಸುರಿಯುತ್ತೇವೆ. ಹೊಟ್ಟೆ ಉಬ್ಬರಿಸಿದ ಎಮ್ಮೆ, ಮೇವು ಬಿಟ್ಟ ಎತ್ತು — ಏನಾದರೂ ನನಗೆ ಕರೆ ಬರುತ್ತಿತ್ತು. ಎಡಗೈಯಲ್ಲಿ ನಾಲಿಗೆ ಎಳೆದು ಹಿಡಿದು ಬಲಗೈಯಲ್ಲಿ ಗೊಟ್ಟ ಎತ್ತುವಾಗ ಜನ ಸುತ್ತ ನಿಂತು, ಅವನ ಕೈಗುಣ ಕಣಯ್ಯ, ಎನ್ನುತ್ತಿದ್ದರು. ಆ ಮಾತು ನನಗೆ — ಹೇಗೆ ಹೇಳಲಿ — ಊಟಕ್ಕಿಂತ ಹೆಚ್ಚು ಬೇಕಾಗಿತ್ತು.

ರೆಡ್ಡೆಮ್ಮ ಮುಳಬಾಗಿಲು ದಾಟಿ, ನಂಗಲಿಯ ಆಚೆ, ಆಂಧ್ರದ ಗಡಿಯೊಳಗಿನ ಹಳ್ಳಿಯವಳು. ಓದಿದ್ದು ತೆಲುಗಿನಲ್ಲಿ. ನಮ್ಮ ಕಡೆ ತೆಲುಗು ಬಾರದವರು ಯಾರಿದ್ದಾರೆ — ಸಂತೆಯಲ್ಲಿ ಅದೇ, ಬೀಗರ ಮನೆಯಲ್ಲಿ ಅದೇ. ಆದರೆ ಅವಳಿಗೆ ಕನ್ನಡ ಆಗಿನ್ನೂ ಹೊಸದು. ನನ್ನ ಮಗ ಮಂಜುನಾಥ ಮಾಲೂರಿನ ಹಂಚಿನ ಕಾರ್ಖಾನೆಗೆ ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚಿದ ಮೇಲೆ ಬರುವವನು. ಹಗಲೆಲ್ಲ ಮನೆಯಲ್ಲಿ ನಾನು, ನನ್ನ ಹೆಂಡತಿ ಪಿಳ್ಳಮ್ಮ, ಈ ಹುಡುಗಿ. ಮದುವೆಯಲ್ಲಿ ಅವಳ ತಂದೆ ಒಂದು ಕಡಸನ್ನು ಕೊಟ್ಟು ಕಳಿಸಿದ್ದರು. ಅದು ನಮ್ಮ ಕೊಟ್ಟಿಗೆಗೆ ಬಂದು, ಗಬ್ಬವಾಗಿ, ಮೊದಲ ಸಲ ಕರು ಹಾಕಿತು. ಹೆಣ್ಣುಗರು. ರೆಡ್ಡೆಮ್ಮ ಅದನ್ನು ತಲ್ಲಿ ಎಂದು ಕರೆಯುತ್ತಿದ್ದಳು — ತಾಯಿ ಎಂದು.

ಗಿಣ್ಣುಹಾಲು ಮುಗಿಯುವ ಹೊತ್ತಿಗೆ ಹಸುವಿಗೆ ಕೆಚ್ಚಲು ಬಾವು ಬಂತು. ಹಿಂಡಿದರೆ ಹಾಲಿನ ಜೊತೆ ಕೀವು, ರಕ್ತದ ಎಳೆ. ದನದ ಡಾಕ್ಟರು ಬಂದು ಸೂಜಿ ಹಾಕಿ, ಈ ಹಾಲನ್ನು ಕರುವಿಗೂ ಕೊಡಬೇಡಿ, ನೀವೂ ಕುಡಿಯಬೇಡಿ, ಹಿಂಡಿ ಗುಂಡಿಗೆ ಚೆಲ್ಲಿ ಎಂದರು. ಕರುವಿಗೆಂದು ಒಂದು ಪುಡಿ ತರಿಸಿಕೊಟ್ಟರು. ತಾಯಿಹಾಲಿನ ಬದಲು ಬೆಚ್ಚನೆ ನೀರಿನಲ್ಲಿ ಕಲಸಿ ಕುಡಿಸುವ ಪುಡಿ. ನಮ್ಮ ಊರಿಗೆ ಆಗ ಅದು ಹೊಸ ವಸ್ತು.

ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅವರು ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಲ್ಲಿದ್ದವರು ಮೂರೇ ಜನ — ಡಾಕ್ಟರು, ರೆಡ್ಡೆಮ್ಮ, ನಾನು.

"ಒಂದು ಪಾಲು ಪುಡಿ, ಏಳು ಪಾಲು ನೀರು. ಗೊತ್ತಾಯ್ತೇನಮ್ಮ?"

ರೆಡ್ಡೆಮ್ಮ ಕಣ್ಣರಳಿಸಿದಳು. "ಪಾಲಾ? ಪಾಲು ಹಾಕ್ಬೇಡಿ ಅಂತ ಈಗ್ತಾನೆ ನೀವೇ ಅಂದ್ರಲ್ಲ ಸಾರ್?"

ತೆಲುಗಿನಲ್ಲಿ ಪಾಲು ಎಂದರೆ ಹಾಲು. ಡಾಕ್ಟರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಮೂವರೂ ಒಟ್ಟಿಗೆ ನಕ್ಕುಬಿಟ್ಟೆವು.

"ಅಯ್ಯೋ ತಾಯಿ, ಆ ಪಾಲಲ್ಲ ಕಣಮ್ಮ! ಭಾಗ. ಲೋಟ ಅನ್ಕೋ. ಒಂದು ಲೋಟ ಪುಡಿಗೆ ಏಳು ಲೋಟ ನೀರು. ನೀಳ್ಳು, ನೀಳ್ಳು!"

"ಹ್ಞಾ, ನೀಳ್ಳು! ಈಗ ಗೊತ್ತಾಯ್ತು ಸಾರ್," ಎಂದು ಅವಳು ಬೆರಳು ಮಡಿಚಿ ಏಳು ಎಣಿಸಿ ತೋರಿಸಿದಳು. ನೀರು ಬೆಚ್ಚಗಿರಬೇಕು, ಗಂಟು ಉಳಿಯಬಾರದು, ಬಾಯಿಗೆ ಬೆರಳು ಕೊಟ್ಟು ಬಕೆಟ್ಟಿನಿಂದ ಕುಡಿಯುವುದನ್ನು ಕಲಿಸಬೇಕು, ಅದು ತಾನಾಗಿಯೇ ಕುಡಿಯಬೇಕು — ಅವರು ಹೇಳಿದ್ದನ್ನೆಲ್ಲ ಅವಳು ತಿರುಗಿ ಒಪ್ಪಿಸಿದಳು. ಹೊರಡುವಾಗ ಡಾಕ್ಟರು ನನ್ನ ಕಡೆ ನೋಡಿ ನಕ್ಕರು. "ಯಜಮಾನ್ರೇ, ನಿಮ್ಮ ಗೊಟ್ಟ ಇದರ ಹತ್ರ ತರಬೇಡಿ. ಎಳೇ ಗಂಟಲು. ಶ್ವಾಸಕ್ಕೆ ಇಳಿದ್ರೆ ಮುಗೀತು."

ನಾನೂ ನಕ್ಕೆ. ಒಳಗೆ ಮಾತ್ರ, ಸೊಸೆಯ ಎದುರಿಗೆ ನನಗೆ ಬುದ್ಧಿ ಹೇಳುವುದಕ್ಕೆ ಇವರು ಯಾರು ಎನ್ನಿಸಿತು.

ಅವಳು ಕುಡಿಸುತ್ತಿದ್ದ ರೀತಿಯನ್ನು ನಾನು ದಿನಾ ನೋಡುತ್ತಿದ್ದೆ. ಮೊದಲು ನೀರನ್ನು ಮೊಣಕೈಗೆ ಹನಿಸಿಕೊಂಡು ಬಿಸಿ ನೋಡುವಳು. ಲೋಟದಲ್ಲಿ ಅಳೆದು ಹಾಕುವಾಗ ತುಟಿ ಅಲುಗುತ್ತಿತ್ತು — ಒಕಟಿ, ರೆಂಡು, ಮೂಡು — ಎಣಿಕೆ ಮಾತ್ರ ತೆಲುಗಿನಲ್ಲೇ. ಮಜ್ಜಿಗೆ ಕಡೆಯುವ ಕಡ್ಡಿಯಿಂದ ಗಂಟೊಡೆದು, ಎರಡು ಬೆರಳನ್ನು ಕರುವಿನ ಬಾಯಿಗೆ ಕೊಟ್ಟು, ಮೆಲ್ಲಗೆ ಮೂತಿಯನ್ನು ಬಕೆಟ್ಟಿಗೆ ಇಳಿಸುವಳು. "ತಾಗು ತಲ್ಲೀ, ತಾಗು." ಕುಡಿಯಮ್ಮಾ, ಕುಡಿ ಎಂದು. ಅದು ಒಮ್ಮೊಮ್ಮೆ ಬೆರಳನ್ನಷ್ಟೇ ಚೀಪಿ ಸುಮ್ಮನಾಗುತ್ತಿತ್ತು. ಅವಳು ಕೂತೇ ಇರುತ್ತಿದ್ದಳು. ಒಲೆ ಆರುತ್ತಿದೆ ಎಂದು ಪಿಳ್ಳಮ್ಮ ಒಳಗಿನಿಂದ ಕೂಗಿದರೂ ಏಳುತ್ತಿರಲಿಲ್ಲ. ಅವಳ ಕೈಯಲ್ಲಿ ಆ ಕರು ಚೆನ್ನಾಗಿತ್ತು. ಇದನ್ನು ಒತ್ತಿ ಬರೆಯುತ್ತಿದ್ದೇನೆ — ಅವಳ ಕೈಯಲ್ಲಿ ಅದು ಚೆನ್ನಾಗಿತ್ತು.

ಅವಳ ಅಣ್ಣನ ಮಗುವಿಗೆ ನಾಮಕರಣ ಬಂತು. ಹೋಗಿ ಸಂಜೆಗೆ ಬಂದುಬಿಡುತ್ತೇನೆ ಎಂದು ಬೆಳಿಗ್ಗೆಯ ಪಾಳಿ ಕುಡಿಸಿ ಹೊರಟಳು. ಮಧ್ಯಾಹ್ನದ್ದನ್ನು ನನಗೆ ಒಪ್ಪಿಸಿದಳು.

"ಮಾವ, ಬೆರಳು ಕೊಟ್ಟು ಕುಡಿಸಿ. ಕುಡೀದಿದ್ರೆ ಬಿಟ್ಬಿಡಿ. ಒಂದು ಹೊತ್ತು ಹಸಿದ್ರೆ ಏನಾಗಲ್ಲ, ನಾನು ಬಂದು ಕುಡಿಸ್ತೀನಿ."

ಬಿಟ್ಬಿಡಿ ಎಂದಳು. ನನಗೆ ಬಿಡಲಾಗಲಿಲ್ಲ.

ಮಧ್ಯಾಹ್ನ, ಪಿಳ್ಳಮ್ಮ ಹೊಲಕ್ಕೆ ಹೋಗಿದ್ದಾಗ, ಯಲ್ದೂರಿನಿಂದ ಒಬ್ಬ ಸ್ಕೂಟರಿನಲ್ಲಿ ಬಂದು ಬಾಗಿಲಲ್ಲಿ ನಿಂತ. ಅವನ ಎಮ್ಮೆ ಉಬ್ಬರಿಸಿ ಬಿದ್ದಿದೆ, ಈಗಲೇ ಬರಬೇಕು ಎಂದ. ನಾನು ಗೊಟ್ಟವನ್ನು ಕೈಗೆತ್ತಿಕೊಂಡಿದ್ದೆ. ಕರುವಿನದು ಬಾಕಿಯಿತ್ತು. ಪುಡಿ ಕಲಸಿ ಬೆರಳು ಕೊಟ್ಟೆ. ನನ್ನ ಬೆರಳು ಅದಕ್ಕೆ ಹೊಸದು, ಮೂತಿ ತಿರುಗಿಸಿತು. ಇನ್ನೊಮ್ಮೆ ಕೊಟ್ಟೆ, ತಿರುಗಿಸಿತು. ಹೊರಗೆ ಅವನು ಹಾರನ್ ಒತ್ತಿದ. ಅಷ್ಟೇ — ಇಷ್ಟು ವರ್ಷ ಹುಡುಕಿದರೂ ಇದಕ್ಕಿಂತ ದೊಡ್ಡ ಕಾರಣ ನನಗೆ ಸಿಕ್ಕಿಲ್ಲ. ಕಂಕುಳಲ್ಲಿ ಅದರ ತಲೆ ಸಿಕ್ಕಿಸಿ, ನಾಲಿಗೆ ಎಳೆದು ಹಿಡಿದು, ಗೊಟ್ಟ ಎತ್ತಿದೆ. ನಾಲಿಗೆ ಎಳೆದು ಹಿಡಿದರೆ ಪ್ರಾಣಿಗೆ ನುಂಗಲಾಗುವುದಿಲ್ಲ. ದೊಡ್ಡ ದನ ಒದ್ದಾಡಿ ಹೇಗೋ ತಪ್ಪಿಸಿಕೊಳ್ಳುತ್ತದೆ. ಇದು ಎಳೆಯದು. ಎರಡನೇ ಗೊಟ್ಟಕ್ಕೆ ಕೆಮ್ಮಿತು. ಮೂಗಿನ ಎರಡೂ ಹೊಳ್ಳೆಯಿಂದ ಹಾಲು ನೊರೆನೊರೆಯಾಗಿ ಬಂತು. ಕಣ್ಣು ಮೇಲಕ್ಕೆ ಹೋಯಿತು. ನನಗೆ ಗೊತ್ತಾಯಿತು. ಆ ಕ್ಷಣವೇ ಗೊತ್ತಾಯಿತು. ಹೆಗಲ ಮೇಲಿನ ಟವೆಲಿನಿಂದ ಅದರ ಮೂಗೊರೆಸಿ, ಸರಿಹೋಗುತ್ತೆ ಎಂದು ನನಗೇ ಹೇಳಿಕೊಂಡು, ಸ್ಕೂಟರ್ ಹತ್ತಿದೆ.

ಯಲ್ದೂರಿನ ಎಮ್ಮೆ ಎದ್ದು ನಿಂತಿತು. ಅಲ್ಲಿ ನನಗೆ ಕಾಫಿ ಕೊಟ್ಟರು.

ಸಂಜೆಯ ಬಸ್ಸಿಗೆ ರೆಡ್ಡೆಮ್ಮ ಬಂದಳು. ನಾಮಕರಣದ ಸಿಹಿಯನ್ನು ಜಗಲಿಯ ಮೇಲಿಟ್ಟು ನೇರ ಕೊಟ್ಟಿಗೆಗೆ ಹೋದಳು. ಕರು ಕತ್ತು ಚಾಚಿ, ಮುಂಗಾಲು ಅಗಲಿಸಿ ನಿಂತಿತ್ತು. ಉಸಿರಿಗೊಮ್ಮೆ ಪಕ್ಕೆಲುಬು ಒಳಗೆ ಹೋಗುತ್ತಿತ್ತು.

"ಮಾವ, ಮಧ್ಯಾಹ್ನ ಕುಡೀತಾ?"

"ಕುಡೀತು."

"ಬೆರಳು ಕೊಟ್ಟಿದ್ರಾ?"

"ಹ್ಞೂ."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಮೈಗೆ ಗೋಣಿ ಹೊದಿಸಿದಳು. ಎದೆ ತಿಕ್ಕಿದಳು. ಇಟ್ಟಿಗೆ ಕಾಯಿಸಿ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟಳು. ಡಾಕ್ಟರು ಊರಲ್ಲಿರಲಿಲ್ಲ. ಪಕ್ಕದ ಮನೆಯ ಫೋನಿನಿಂದ ಅವರ ಕೈಕೆಳಗಿನವರಿಗೆ ಫೋನು ಮಾಡಿದಳು. ನಾನು ಹಿಂದೆಯೇ ನಿಂತಿದ್ದೆ. ಅವರು ಏನೋ ಕೇಳಿದರು. ಅವಳು ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿ ನನ್ನ ಕಡೆ ತಿರುಗಿದಳು. "ಕುಡೀವಾಗ ಕೆಮ್ಮಿತ್ತಾ, ಮೂಗಲ್ಲಿ ಹಾಲು ಬಂತಾ ಅಂತ ಕೇಳ್ತವ್ರೆ ಮಾವ. ಬಂತಾ?"

ಆ ಕಣ್ಣುಗಳನ್ನು ನಾನು ಹೇಗೆ — ಅವಳು ನನ್ನನ್ನು ನೋಡುತ್ತಿದ್ದುದು ಡಾಕ್ಟರನ್ನು ನೋಡುವ ಹಾಗೆ. ಇವರಿಗೆ ಗೊತ್ತಿರುತ್ತದೆ ಎಂದು.

"ಇಲ್ಲಮ್ಮ," ಎಂದೆ.

ಇಲ್ಲವಂತೆ ಸಾರ್, ಎಂದು ಅವಳು ಫೋನಿಗೆ ಹೇಳಿದಳು. ಅವರು ಹೊಟ್ಟೆ ಕೆಟ್ಟಿರಬಹುದೆಂದು ಅದಕ್ಕೆ ಬೇಕಾದ ಔಷಧಿ ಹೇಳಿದರು. ಅದನ್ನೇ ಕೊಟ್ಟೆವು. ನಿಜ ಹೇಳಿದ್ದರೆ ಬೇರೆ ಔಷಧಿ ಹೇಳುತ್ತಿದ್ದರೇನೋ. ಉಳಿಯುತ್ತಿತ್ತೇನೋ — ನನಗೆ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವನು ನಾನೇ.

ಮರುದಿನ ಬೆಳಿಗ್ಗೆ, ಬಿಸಿಲು ಕೊಟ್ಟಿಗೆಯೊಳಗೆ ಬೀಳುವ ಹೊತ್ತಿಗೆ, ಕರು ಅವಳ ತೊಡೆಯ ಮೇಲೆ ತಲೆಯಿಟ್ಟು ಸತ್ತಿತು. ಅವಳು ಬೆರಳನ್ನು ಇನ್ನೂ ಅದರ ಬಾಯಲ್ಲಿಟ್ಟುಕೊಂಡಿದ್ದಳು. ತಾಗು ತಲ್ಲೀ, ತಾಗು ಎನ್ನುತ್ತಿದ್ದಳು. ಪಿಳ್ಳಮ್ಮ ಬಂದು ಅವಳ ಕೈಯನ್ನು ಬಿಡಿಸಿದಳು.

ಮಂಜುನಾಥ ಕೆಲಸಕ್ಕೆ ಹೋಗಲಿಲ್ಲ. ಅವನೂ ರೆಡ್ಡೆಮ್ಮನೂ ಕರುವನ್ನು ಹೊಲಕ್ಕೆ ಹೊತ್ತುಕೊಂಡು ಹೋದರು. ಮನೆಯ ಮುಂದೆ ನಾಲ್ಕು ಜನ ಸೇರಿದರು. ತವರಿನ ಹಸುವಿನ ಮೊದಲ ಕರು, ಹೆಣ್ಣುಗರು. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಪಿಳ್ಳಮ್ಮ ನನ್ನನ್ನೇ ಕೇಳಿದಳು. "ನಿನ್ನೆವರೆಗೂ ಕುಣೀತಿದ್ದ ಕರು. ಏನಾಯ್ತು? ನೀವು ಮನೇಲೇ ಇದ್ರಲ್ಲ?"

ಗೊಟ್ಟ ನನ್ನ ತಲೆಯ ಮೇಲೆ, ಮಾಡಿನ ಸಂದಿಯಲ್ಲಿ ಸಿಕ್ಕಿಸಿತ್ತು. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಹೇಳಿದ ಮಾತು ಇದು. ಒಂದಕ್ಷರ ಬಿಡದೆ ಬರೆಯುತ್ತೇನೆ:

"ಏಳು ಪಾಲು ನೀರು ಅಂದಿದ್ರು ಡಾಕ್ಟ್ರು. ಇವಳು ಪಾಲು ಅಂದ್ರೆ ಹಾಲು ಅನ್ಕೊಂಡವ್ಳೆ, ಪಾಪ. ಆ ಕೀವಿನ ಹಾಲಲ್ಲೇ ಪುಡಿ ಕಲಸಿ ಕುಡಿಸವ್ಳೆ."

ಪಾಪ ಎಂದು ಬೇರೆ ಸೇರಿಸಿದೆ. ಆ ಒಂದು ಪದ ನನ್ನ ಮಾತನ್ನು ನಂಬಿಸಿತು. ಅವಳು ಕೆಟ್ಟ ಹಾಲು ಹಿಂಡಿ ಪಾತ್ರೆ ಹಿಡಿದು ಗುಂಡಿಯ ಕಡೆ ಹೋಗುವುದನ್ನು ಕಂಡವರಿದ್ದರು. ಆ ಪಾತ್ರೆ ಕರುವಿನ ಕಡೆಗೂ ಹೋಗಿರಬಹುದಲ್ಲ ಎಂದು ಅವರೇ ಸೇರಿಸಿಕೊಂಡರು. ಎರಡೂ ಭಾಷೆ ಬಲ್ಲ ಜನ. ಮಾತಿನ ಒಳಗಿನ ತಮಾಷೆ ಥಟ್ಟನೆ ಹೊಳೆಯಿತು. ಯಾರೋ ನಕ್ಕರು. ಸತ್ತ ಮನೆಯ ಮುಂದೆ ನಗು. ನಗು ಬಂದ ಮೇಲೆ ಅದು ಸುಳ್ಳೋ ನಿಜವೋ ಎಂದು ಯಾರೂ ಕೇಳಲಿಲ್ಲ.

ಹೊಲದಿಂದ ಬಂದ ರೆಡ್ಡೆಮ್ಮನಿಗೆ ಅದು ಗೊತ್ತಾದಾಗ ಅವಳು ಅಳಲಿಲ್ಲ. ಗಾಬರಿಯಾದಳು. "ಇಲ್ಲತ್ತೆ, ನೀಳ್ಳೇ ಹಾಕಿದ್ದು! ಬಿಸಿನೀಳ್ಳು! ಮಾವ ಇದ್ರು, ಮಾವನ್ನ ಕೇಳಿ!" ಗಾಬರಿಯಲ್ಲಿ ನೀರು ಎನ್ನುವ ಪದವೂ ಅವಳ ಬಾಯಿಗೆ ಬರಲಿಲ್ಲ. ಅದಕ್ಕೂ ನಕ್ಕರು. ನಾನು ಕಾಲು ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದೆ.

ಹಾಲಿನ ಡೈರಿಯ ಸಾಲಿನಲ್ಲಿ ಅವಳಿಗೆ ಹೆಸರು ಬಿತ್ತು — ಪಾಲಮ್ಮ. "ಪಾಲಮ್ಮ ಬಂದ್ಲು, ದಾರಿ ಬಿಡ್ರೋ." "ಲೇ, ನೀರು ಕೇಳಿದ್ರೆ ಹಾಲು ಹುಯ್ಯೋ ಪುಣ್ಯಾತ್ಗಿತ್ತಿ ಕಣೋ, ಕೈ ಮುಗೀರಿ." ಮೊದಮೊದಲು ಅವಳೂ ನಗಲು ನೋಡಿದಳು. ಆಮೇಲೆ ಹಾಲು ಹಾಕಲು ಹೋಗುವುದನ್ನೇ ಬಿಟ್ಟಳು. ಕ್ಯಾನು ನಾನೇ ಹಿಡಿದೆ. ಮನೆಯಲ್ಲಿ ತೆಲುಗು ಆಡುವುದನ್ನು ಬಿಟ್ಟಳು. ಎಣಿಸುವಾಗ ತುಟಿ ಅಲುಗುವುದೂ ನಿಂತಿತು. ಆ ಡಾಕ್ಟರು ವರ್ಗವಾಗಿ ಎಲ್ಲಿಗೋ ಹೋದರು. ಅವಳು ಸರಿಯಾಗಿ ಕೇಳಿಸಿಕೊಂಡಿದ್ದಳು ಎನ್ನುವುದಕ್ಕೆ ಈ ಭೂಮಿಯ ಮೇಲೆ ಅವಳಿಗೆ ಸಿಗುವ ಸಾಕ್ಷಿ ಉಳಿದದ್ದು ಒಬ್ಬನೇ. ನಾನು.

ಇಷ್ಟಕ್ಕೇ ನಿಂತಿದ್ದರೆ — ಇಲ್ಲ, ನಿಲ್ಲಲಿಲ್ಲ.

ಮೊಮ್ಮಗಳು ಚೈತ್ರ ಹುಟ್ಟಿದಳು. ಹೆರಿಗೆಯಾದ ಮೇಲೆ ರೆಡ್ಡೆಮ್ಮನಿಗೆ ಜ್ವರ ಹಿಡಿದು, ಎದೆಹಾಲು ಸಾಲದಾಯಿತು. ಆಸ್ಪತ್ರೆಯವರು ಡಬ್ಬಿಯ ಹಾಲುಪುಡಿ ಬರೆದುಕೊಟ್ಟರು. ಮನೆಗೆ ಬಂದ ದಿನವೇ ಪಿಳ್ಳಮ್ಮ ಆ ಡಬ್ಬಿಯನ್ನು ತನ್ನ ಪೆಟ್ಟಿಗೆಯೊಳಗಿಟ್ಟಳು. "ನೀನು ಮುಟ್ಬೇಡ ಕಣೇ. ಕರೂಗೆ ಕಲಸಕ್ಕೆ ಬರ್ಲಿಲ್ಲ, ಕೂಸಿಗೆ ಕಲಸ್ತೀಯಾ?" ಪಿಳ್ಳಮ್ಮ ಕೆಟ್ಟವಳಲ್ಲ. ನಾನು ಹೇಳಿದ್ದನ್ನು ನಂಬಿದವಳು. ಮೊಮ್ಮಗಳ ಜೀವಕ್ಕೆ ಹೆದರಿದವಳು. ಅಂದಿನಿಂದ ಅತ್ತೆ ಅಡುಗೆಮನೆಯಲ್ಲಿ ಹಾಲು ಕಲಸುವಾಗ ಹೆತ್ತ ತಾಯಿ ಹೊಸ್ತಿಲ ಹೊರಗೆ ನಿಂತು ನೋಡುತ್ತಿದ್ದಳು.

ಒಂದು ದಿನ ಪಿಳ್ಳಮ್ಮ ಯಾವುದೋ ಮದುವೆಗೆ ಹೋಗಿದ್ದಳು. ಮಾಡಿಟ್ಟು ಹೋಗಿದ್ದ ಹಾಲು ಮಗು ಕುಡಿಯುವ ಮೊದಲೇ ಕೆಟ್ಟಿತು. ಕೂಸು ಕಿರುಚಲು ಶುರುಮಾಡಿತು. ಎಷ್ಟೋ ಹೊತ್ತು. ರೆಡ್ಡೆಮ್ಮ ಎದೆಗೆ ಹಾಕಿಕೊಂಡಳು, ಹೆಗಲಿಗೆ ಹಾಕಿಕೊಂಡಳು, ಅಂಗಳದಲ್ಲಿ ಓಡಾಡಿದಳು. ಕಡೆಗೆ ಪೆಟ್ಟಿಗೆ ತೆಗೆದು ಡಬ್ಬಿ ಹಿಡಿದುಕೊಂಡು ನಾನು ಕೂತಿದ್ದಲ್ಲಿಗೆ ಬಂದಳು. ಮುಚ್ಚಳ ತೆಗೆದಳು.

"ಮಾವ, ನೀವು ನೋಡ್ತಾ ಇರಿ, ನಾನು ಕಲಸ್ತೀನಿ. ತಪ್ಪಾದ್ರೆ ಹೇಳಿ." ಚಮಚ ಎತ್ತಿದಳು. ಇಳಿಸಿದಳು. "ಮಾವ… ಅವತ್ತು ನಾನು ಸರಿಯಾಗಿ ಕೇಳಿಸ್ಕೊಂಡಿದ್ನಾ? ನೀರು ಹಾಕಿದ್ದು ಹಂಗೇ ಕಣ್ಮುಂದೆ ಐತೆ. ಆದ್ರೆ ಎಲ್ಲಾರೂ ಹೇಳಿ ಹೇಳಿ… ಒಂದೊಂದು ಸಲ ಹಾಲೇ ಹಾಕ್ದೆ ಅನ್ಸುತ್ತೆ. ನೀವು ಅಲ್ಲೇ ಇದ್ರಲ್ಲ. ಒಂದೇ ಒಂದು ಮಾತು ಹೇಳಿ ಮಾವ. ನೀರಾ, ಹಾಲಾ?"

ಮಗು ಕಿರುಚಿ ಕಿರುಚಿ ನೀಲಿಗಟ್ಟುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳ ಒಬ್ಬಳ ಕಿವಿಗೆ ಹೇಳಿದ್ದರೂ ಸಾಕಾಗಿತ್ತು. ನೀರು. ಎರಡು ಅಕ್ಷರ.

"ನನಗೆ ಅಷ್ಟು ನೆನಪಿಲ್ಲಮ್ಮ," ಎಂದೆ.

ಅವಳು ಚಮಚವನ್ನು ಡಬ್ಬಿಯೊಳಗೆ ಇಳಿಸಿದಳು. ಮುಚ್ಚಳ ಒತ್ತಿದಳು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಹೆಗಲಲ್ಲಿ ಆ ಕಿರುಚುವ ಕೂಸು — ಬೀದಿಗೆ ಇಳಿದು, ಪಕ್ಕದ ಮನೆಯ ಬಾಗಿಲು ತಟ್ಟಿ, ಅಕ್ಕಾ, ಇಷ್ಟು ಕಲಸಿಕೊಡಕ್ಕಾ, ನನಗೆ ಬರಲ್ಲ ಎಂದಳು. ಕಿಟಕಿಯಿಂದ ನನಗೆ ಎಲ್ಲವೂ ಕೇಳಿಸಿತು.

ಕರುವಿನ ಪಾಪಕ್ಕೆ ನಾನು ಎಲ್ಲಿಯಾದರೂ ತಲೆ ತಗ್ಗಿಸಿ ನಿಲ್ಲಬಲ್ಲೆ. ಅದು ಒಂದು ಗಳಿಗೆಯ ಅವಸರ. ಇದು ಅಲ್ಲ. ಇಲ್ಲಿ ನನಗೆ ಅವಸರವಿರಲಿಲ್ಲ. ನನ್ನ ಗೊಟ್ಟದ ಹೆಸರು ಉಳಿಯಲೆಂದು, ಒಬ್ಬ ತಾಯಿಗೆ ತನ್ನ ಕೈಯ ಮೇಲೆ, ತನ್ನ ಕಣ್ಣಿನ ಮೇಲೆ ಇದ್ದ ನಂಬಿಕೆಯನ್ನು ಕಿತ್ತುಕೊಂಡೆ. ತಿಳಿದೂ ತಿಳಿದೂ ಕಿತ್ತುಕೊಂಡೆ.

ಪಿಳ್ಳಮ್ಮ ತೀರಿಕೊಂಡಳು. ಮಲಗಿದ್ದ ದಿನಗಳಲ್ಲೂ ಔಷಧಿಯ ಅಳತೆ ಸೊಸೆಯ ಕೈಯಲ್ಲಿ ಬೇಡವೆಂದಳು. ಮಂಜುನಾಥ ಬರುವವರೆಗೆ ಕಾಯುವಳು. ಉಚ್ಚೆ ಬಾಚುವುದು, ಮೈ ಒರೆಸುವುದು ಸೊಸೆಯ ಕೈ. ಔಷಧಿ ಮಾತ್ರ ಬೇಡ. ಪಿಳ್ಳಮ್ಮನ ಹಾಸಿಗೆಯ ಪಕ್ಕದಲ್ಲೇ ಕೂತು ನಾನು ಬಾಯಿ ತೆರೆದಿದ್ದೆ, ಎಷ್ಟೋ ಸಲ. ಸಾಯುವವಳ ಮನಸ್ಸು ಕೆಡಿಸುವುದೇಕೆ ಎಂದುಕೊಂಡೆ — ಆಗಲೂ ನನ್ನನ್ನು ಬಚ್ಚಿಡುವುದಕ್ಕೆ ಇನ್ನೊಬ್ಬರ ನೆಪ.

ಈ ವರ್ಷ ಮತ್ತೆ ಒಂದು ಹಸುವಿಗೆ ಕೆಚ್ಚಲು ಕೆಟ್ಟಿತು. ಮತ್ತೆ ಪುಡಿ ಬಂತು. ಚೈತ್ರ ಬಕೆಟ್ಟಿನ ಮುಂದೆ ಕೂತು ಕಲಸುತ್ತಿದ್ದಳು. ರೆಡ್ಡೆಮ್ಮ ಕೊಟ್ಟಿಗೆಯ ಬಾಗಿಲಲ್ಲಿ, ಕೈ ಎರಡನ್ನೂ ಹಿಂದೆ ಕಟ್ಟಿಕೊಂಡು ನಿಂತಿದ್ದಳು. "ನೀನೇ ಅಳತೆ ಹಾಕಮ್ಮ. ಇನ್ನೊಂದು ಸಲ ನೋಡ್ಕೋ."

ಚೈತ್ರ ನಕ್ಕಳು. "ನೀನು ಸುಮ್ನಿರಮ್ಮ, ಪಾಲಿನ ಲೆಕ್ಕ ನಿಂಗೆ ಬರಲ್ಲ."

ಅವಳಿಗೂ ಯಾರೋ ಆ ಕಥೆ ಹೇಳಿದ್ದಾರೆ. ರೆಡ್ಡೆಮ್ಮ, ಹೌದು ಕಣೇ, ಎಂದು ತಾನೂ ನಕ್ಕಳು. ಆ ನಗು — ನನ್ನ ಸುಳ್ಳನ್ನು ಅವಳು ಒಪ್ಪಿಕೊಂಡುಬಿಟ್ಟಿದ್ದಳು. ಅದು ಈಗ ಅವಳದೇ ನೆನಪಾಗಿತ್ತು.

ಮರುದಿನ, ಅವಳು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾಗ, ಹೇಳಿದೆ. ಎಲ್ಲವನ್ನೂ. ಗೊಟ್ಟ, ಸ್ಕೂಟರು, ಮೂಗಿನ ನೊರೆ, ಫೋನು, ಡಬ್ಬಿ. ಅವಳ ಕೈ ನಿಲ್ಲಲಿಲ್ಲ. ಬಿಡಿಸುತ್ತಲೇ ಕೇಳಿದಳು. "ಬಹಳ ಕೆಮ್ಮಿತಾ ಮಾವ?"

"ಕೆಮ್ಮಿತಮ್ಮ."

"ನಂಗೆ ಅದೊಂದು ತಿಳೀಲೇ ಇಲ್ಲ," ಎಂದಳು, ಕರುವಿಗೆ ಹೇಳುವ ಹಾಗೆ. ಮೊರವನ್ನು ಪಕ್ಕಕ್ಕಿಟ್ಟಳು. ಅವಳ ಕಾಲು ಹಿಡಿಯಲು ಬಗ್ಗಿದೆ; ಹಿಂದಕ್ಕೆ ಸರಿದಳು. "ಅದೆಲ್ಲ ಬೇಡ. ನಂಗೊಬ್ಬಳಿಗೆ ಹೇಳಿದ್ರೆ ಏನು ಬಂತು? ನಾನಿಲ್ದಾಗ ಊರ ಮುಂದೆ ಹೇಳಿದ್ರಲ್ಲ. ನಾನಿಲ್ದಾಗಲೇ ಊರ ಮುಂದೆ ಹೇಳ್ಕೊಂಡು ಬನ್ನಿ."

ಸಂಜೆ ಮಂಜುನಾಥನಿಗೂ ಚೈತ್ರಳಿಗೂ ನಾನೇ ಹೇಳಿದೆ. ಮಗ ತಟ್ಟೆಯ ಮುಂದಿನಿಂದ ಎದ್ದು ಹೋದ. ಚೈತ್ರ ನನ್ನನ್ನು ನೋಡಲಿಲ್ಲ. ಅಮ್ಮನ ಹತ್ತಿರ ಹೋಗಿ ಕೂತಳು. ಅವತ್ತಿನಿಂದ ಆ ಹುಡುಗಿ ನನ್ನನ್ನು ತಾತ ಎಂದು ಕರೆದಿಲ್ಲ.

ಬೆಳಿಗ್ಗೆ ಡೈರಿಗೆ ಹೋದೆ. ಕ್ಯಾನು ಇಳಿಸಿ, ಸಾಲಿನಲ್ಲಿದ್ದವರ ಎದುರಿಗೆ ನಿಂತು, ಗಟ್ಟಿಯಾಗಿ ಹೇಳಿದೆ. ಆ ಕರು ಸತ್ತದ್ದು ನನ್ನ ಗೊಟ್ಟದಿಂದ. ನನ್ನ ಸೊಸೆ ನೀರೇ ಹಾಕಿದ್ದಳು. ನಾನು ಸುಳ್ಳು ಹೇಳಿದೆ.

ಹಾಲು ಅಳೆಯುವ ನಾಗರಾಜ ಮೊದಲು ನಕ್ಕ. "ಏನಣ್ಣ ನಿನ್ನ ಕಥೆ! ಇಷ್ಟು ವರ್ಷ ಆದ್ಮೇಲೂ ಸೊಸೆ ಮರ್ಯಾದೆ ಕಾಯ್ತಾನೆ ನೋಡ್ರಪ್ಪ."

"ಅಲ್ಲ ಕಣಯ್ಯ, ನಿಜ ಹೇಳ್ತಿದೀನಿ."

"ಗೊಟ್ಟ ಹಾಕಿ ಕರು ಸಾಯ್ಸೋಕೆ ನೀನೇನು ನಿನ್ನೆ ಕಲಿತವನಾ?" ಎಂದರು ಇನ್ನೊಬ್ಬರು. "ಮಾವ ಅಂದ್ರೆ ಹಿಂಗಿರ್ಬೇಕು. ದೊಡ್ಡ ಮನಸ್ಸು ಕಣಣ್ಣ ನಿಂದು." ಬೆನ್ನು ತಟ್ಟಿದರು. ನಾನು ಕಿರುಚಿದೆ. ದೇವರಾಣೆ ಎಂದೆ. ಹೇಳಿದಷ್ಟೂ ಅವರ ಕಣ್ಣಿನಲ್ಲಿ ನಾನು ಒಳ್ಳೆಯವನಾಗುತ್ತ ಹೋದೆ. ನನ್ನ ಸುಳ್ಳನ್ನು ನಿಂತ ಕಾಲಿನಲ್ಲಿ ನಂಬಿದ ಜನ ನನ್ನ ನಿಜವನ್ನು ನಂಬಲಿಲ್ಲ.

ಖಾಲಿ ಕ್ಯಾನು ಹಿಡಿದು ಮನೆಗೆ ಬಂದಾಗ ರೆಡ್ಡೆಮ್ಮ ಅಂಗಳ ಗುಡಿಸುತ್ತಿದ್ದಳು.

"ಏನಂದ್ರು?"

"ನಂಬಲಿಲ್ಲಮ್ಮ. ನಕ್ಕರು."

ಅವಳು ಪೊರಕೆ ನಿಲ್ಲಿಸಿ ನನ್ನನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಕನಿಕರವೂ ಇರಲಿಲ್ಲ. "ನಾನು ನಿಜ ಹೇಳ್ದಾಗಲೂ ಹಂಗೇ ನಕ್ಕಿದ್ರು ಮಾವ," ಎಂದಳು. ಮತ್ತೆ ಗುಡಿಸಲು ಬಗ್ಗಿದಳು.

ಬಾಯಿಮಾತು ಸಾಲದೆಂದು ಇದನ್ನು ಬರೆದಿದ್ದೇನೆ. ಓದಿದವರು ನನ್ನದು ದೊಡ್ಡ ಮನಸ್ಸು ಎನ್ನಬೇಡಿ. ಆ ಮಾತು ನನ್ನ ಸೊಸೆಯನ್ನು ಮತ್ತೊಮ್ಮೆ ಸುಳ್ಳಿಯನ್ನಾಗಿ ಮಾಡುತ್ತದೆ. ಅವಳು ನನ್ನನ್ನು ಕ್ಷಮಿಸಿಲ್ಲ, ನಾನು ಕೇಳಿಯೂ ಇಲ್ಲ. ಡೈರಿಗೆ ಈಗಲೂ ದಿನಾ ಹೋಗುತ್ತೇನೆ. ದಿನಾ ಹೇಳುತ್ತೇನೆ. ಮುನಿಶಾಮಣ್ಣನಿಗೆ ಅರಳುಮರಳು ಎಂದು ಈಗ ಮಾತಾಡಿಕೊಳ್ಳುತ್ತಿದ್ದಾರಂತೆ. ನಿನ್ನೆ ಹೇಳುವಾಗ, ಸಾಲಿನ ಕೊನೆಯಲ್ಲಿದ್ದ ಒಬ್ಬಾಕೆ ಮಾತ್ರ ನಗಲಿಲ್ಲ. ಇವತ್ತು ಅವಳ ಎದುರಿಗೇ ನಿಂತು ಹೇಳುತ್ತೇನೆ.